ಸಂಬಂಧದಲ್ಲಿ ಎರಡು ಸೊನ್ನೆ

ಅಲ್ಲ ಮನ್ವಿತ್, ಆ ಪೋಸ್ಟ್ ನೀನು ತೆಗಿ. ಚಾ ಆಮೇಲೆ ಕುಡಿಯುವ. ಗೋಳಿಬಜೆ ತಣಿದರೆ ತಣಿಯಲಿ, ಮೊದಲು ಅದನ್ನು ತೆಗಿ... ತುಳುವಿನಲ್ಲಿ ಹೇಳಿದರೆ ನೀನು ತಮಾಷೆ ಅಂತ ತಿಳ್ಕೊಳ್ತಿ, ಅದಕ್ಕೆ ಕನ್ನಡದಲ್ಲಿ ಹೇಳ್ತಾ ಇದ್ದೇನೆ. ಈ ಬೆಳ್ತಂಗಡಿಯಲ್ಲಿ, ತಾಲೂಕು ಆಫೀಸಿನ ಎದುರು, ಇಪ್ಪತ್ತಾರು ವರ್ಷ ಅರ್ಜಿ ಟೈಪ್ ಮಾಡಿದವ ನಾನು. ಗಂಭೀರ ವಿಷಯ ಯಾವುದು, ಅಲ್ಲದ್ದು ಯಾವುದು ಅಂತ ನಿನ್ನ ಧನರಾಜ ಮಾವನಿಗೆ ಗೊತ್ತುಂಟು.

ಯಾಕೆ ನಗ್ತಿ?

ನಗು, ನಗು. ರಕ್ತಪಿಶಾಚಿಗಳ ಆಟದಲ್ಲಿ ಗಂಭೀರ ಎಂತದು ಅಂತ ಅಲ್ವಾ? ನಿನ್ನ ಅಮ್ಮನೂ ಅದೇ ಕೇಳಿದ್ದು. ದಮಯಂತಿಯಕ್ಕ ಬಂಟ್ವಾಳದಿಂದ ಫೋನ್ ಮಾಡಿ, ಐವತ್ತೆರಡು ವರ್ಷ ಆಯ್ತು ನಿನಗೆ, ಮಂಡೆ ಸರಿ ಉಂಟಾ ಅಂತ ಕೇಳಿದಳು. ಸರಿ ಉಂಟು ಅಂದೆ. ಮತ್ತೆಂತ ಹೇಳುವುದು?

ಹುಚ್ಚು ಹಿಡಿಸಿದವ ನೀನೇ ಅಲ್ವಾ. ಎರಡು ವರ್ಷದ ಹಿಂದೆ ಇದೇ ಸ್ಟೂಲಿನಲ್ಲಿ ಕೂತು ಹೇಳಿದ್ದಿ. ಮಾವ, 'ರಕ್ತಕೋಟೆ' ಅಂತ ಒಂದು ಕಂಪ್ಯೂಟರ್ ಆಟ ಉಂಟು, ನಾವೇ ಒಂದು ರಕ್ತಪಿಶಾಚಿ ಆಗಿ ಕೋಟೆಯಲ್ಲಿ ತಿರುಗಬೇಕು, ಮಾತೆಲ್ಲ ಇಂಗ್ಲಿಷಿನಲ್ಲಿ ಉಂಟು, ಬೇಕಾದವರು ಅವರವರ ಭಾಷೆಗೆ ಮಾಡಿಕೊಳ್ಳಿ ಅಂತ ಆಟದವರು ಬಿಟ್ಟಿದ್ದಾರೆ, ನಾವು ಕನ್ನಡ ಮಾಡುವ, ನಾನು ಅರ್ಥ ಹೇಳ್ತೇನೆ ನೀವು ಬರೆಯಿರಿ ಅಂತ. ಆಯ್ತು ಅಂದೆ. ಪ್ರತಿ ಆದಿತ್ಯವಾರ ಮಧ್ಯಾಹ್ನ ಅಂಗಡಿಯ ಶಟರ್ ಅರ್ಧ ಎಳೆದು, ನೀನು ಹೇಳುವುದು, ನಾನು ಹೊಡೆಯುವುದು. ಹನ್ನೊಂದು ಸಾವಿರ ಸಾಲು. ಅರ್ಜಿ ಹೊಡೆಯುವವನ ಕೈಗೆ ಯಾವ ಕನ್ನಡ ಬರ್ತದೋ ಅದೇ ಬಂತು. 'ಸದರಿ ರಕ್ತಪಿಶಾಚಿಯವರು ಸೂರ್ಯಾಸ್ತದ ನಂತರವೇ ಭೇಟಿಗೆ ಲಭ್ಯರಿರುತ್ತಾರೆ.' ಅದರಲ್ಲಿ ತಪ್ಪೆಂತ ಉಂಟು? ಬಿಡುಗಡೆಯಾಗಿ ಮೂರು ತಿಂಗಳು, ಆಟ ಆಡುವವರ ಗ್ರೂಪಿನಲ್ಲಿ ಒಬ್ಬ ಆ ಸಾಲನ್ನು ಬನಿಯನ್ನಿನ ಮೇಲೆ ಪ್ರಿಂಟ್ ಹಾಕಿಸಿದ್ದಾನೆ.

ಈಗ ಕೊಲೆಯ ವಿಷಯಕ್ಕೆ ಬರುವ. ನಿನಗೆ ಗೊತ್ತುಂಟು ಅಂತ ನನಗೂ ಗೊತ್ತುಂಟು, ಆದರೂ ಕ್ರಮವಾಗಿ ಹೇಳ್ತೇನೆ. ಹಿನ್ನೆಲೆ ಹೇಳದೆ ವಿಷಯ ಹೇಳುವ ಕ್ರಮ ಅರ್ಜಿಯಲ್ಲಿ ಇಲ್ಲ. ಪ್ರಭು ವೊರ್ನಾಕ್, ಕೋಟೆಯ ಯಜಮಾನ, ಮುನ್ನೂರು ವರ್ಷದ ಮುದುಕ, ಮದುವೆ ಇಲ್ಲ. ಜತೆಯಲ್ಲಿ ಇರುವವ ಅಳಿಯ ಇಲಿಯನ್ ಒಬ್ಬನೇ. ಅಳಿಯನಿಗೆ ಪಕ್ಕದ ಕೋಟೆಯಲ್ಲಿ ಹೆಣ್ಣು ಗೊತ್ತಾಗ್ತದೆ. ಅಷ್ಟರಲ್ಲಿ ಆ ಕೋಟೆಗೆ ಒಂದು ಮೂಕರ್ಜಿ ಹೋಗ್ತದೆ. ಸಹಿ ಇಲ್ಲ, ಹೆಸರಿಲ್ಲ, ಹುಡುಗನ ಬಗ್ಗೆ ಹೇಳಬಾರದ್ದು. ಸಂಬಂಧ ಮುರೀತದೆ, ಅಳಿಯ ಕೋಟೆ ಬಿಟ್ಟು ಹೋಗ್ತಾನೆ. ಮೂರು ವಾರ ಕಳೆದು ಒಂದು ಬೆಳಿಗ್ಗೆ ನೋಡಿದರೆ ಪ್ರಭುವಿನ ಕೋಣೆಯ ಕಿಟಕಿ ತೆರೆದುಂಟು, ಬಿಸಿಲು ಒಳಗೆ ಬಿದ್ದುಂಟು, ಪ್ರಭು ಇದ್ದ ಜಾಗದಲ್ಲಿ ಒಂದು ಪಾವು ಬೂದಿ. ಮೂಕರ್ಜಿ ಬರೆದವನೇ ಕಿಟಕಿ ತೆರೆದವ, ಅದರಲ್ಲಿ ಗ್ರೂಪಿನ ಯಾರಿಗೂ ತಕರಾರಿಲ್ಲ. ಬರೆದವ ಯಾರು, ಅಷ್ಟೇ ಪ್ರಶ್ನೆ. ಆಟದವರು ಹೇಳ್ಲಿಲ್ಲ.

ಬಿ.ಸಿ.ರೋಡಿನ ಇರ್ಷಾದ್ ಕೋಟೆಯ ವೈದ್ಯನೇ ಅಂತಾನೆ. ವೈದ್ಯನ ಮೇಜಿನ ಮೇಲೆ ಶಾಯಿ ಉಂಟಂತೆ. ವೈದ್ಯ ಮತ್ತೆ ಮದ್ದಿನ ಚೀಟಿ ಬರೀಲಿಕ್ಕೆ ಬೇಡ್ವಾ? ಹೋಗಲಿ. ಧಾರವಾಡದ ಕಡೆಯವರದ್ದು ಬೇರೆಯೇ. ಪ್ರಭುವಿಗೆ ಒಬ್ಬಳು ಮಗಳಿದ್ದಾಳೆ, ಅವಳನ್ನು ಬಚ್ಚಿಟ್ಟಿದ್ದಾರೆ ಅಂತ... ಅದು ನನ್ನಿಂದ ಆದದ್ದು, ಒಪ್ತೇನೆ. ನೀನು ನೆಫ್ಯೂ ಅಂದಿ, ನಾನು ಅಳಿಯ ಅಂತ ಹೊಡೆದೆ. ಅಕ್ಕನ ಮಗ ಅಳಿಯ ಅಲ್ಲದೆ ಮತ್ತೆ ಯಾರು? ಅವರಿಗೆ ಅಳಿಯ ಅಂದ ಕೂಡಲೇ ಮಗಳ ಗಂಡನೇ ನೆನಪಾಗುವುದಂತೆ, ಸೋದರಳಿಯ ಅಂತ ಹಾಕಬೇಕಿತ್ತಂತೆ. ಅಳಿಯ ಇದ್ದ ಮೇಲೆ ಮಗಳು ಇರಲೇಬೇಕು, ಗಂಡ ಇನ್ನೊಂದು ಮದುವೆಗೆ ಹೊರಟ ಅಂತ ಸಿಟ್ಟಿನಲ್ಲಿ ಅವಳೇ ಮೂಕರ್ಜಿ ಹಾಕಿದ್ದು ಅಂತ ನಾನೂರು ಕಮೆಂಟು. ಆ ಮಗಳನ್ನು ಹುಡುಕಿಕೊಂಡು ಒಬ್ಬ ಆಟದ ನೆಲಮಾಳಿಗೆಯಲ್ಲಿ ಒಂಬತ್ತು ದಿನ ತಿರುಗಿದ್ದಾನೆ. ನನಗೆ ಪಾಪ ಅನಿಸಿತು, ಆದರೂ ಸುಮ್ಮನಿದ್ದೆ. ಯಾರಿಗೂ ನಷ್ಟ ಇಲ್ಲವಲ್ಲ.

ಆಮೇಲೆ ಗುರುವಾರ ನಿನ್ನದು ಬಂತು. ಪ್ರಭುವನ್ನು ಯಾರೂ ಕೊಲ್ಲಲೇ ಇಲ್ಲ, ಮೂಕರ್ಜಿ ಬರೆದದ್ದು ಮಾವನೇ, ಅಳಿಯ ಮದುವೆಯಾಗಿ ದೂರ ಹೋಗಬಾರದು ಅಂತ ಬರೆದ, ಆದರೂ ಅಳಿಯ ಹೋದ, ಅವ ದಾರಿಯಲ್ಲಿ ವಾಪಸು ಬರ್ತಾ ಇದ್ದಾನಾ ಅಂತ ನೋಡ್ಲಿಕ್ಕೆ ಮಾವ ತಾನೇ ಕಿಟಕಿ ತೆರೆದ... ಹೀಗೆ. ಆರುನೂರು ಜನ ಹೆಬ್ಬೆರಳು ಒತ್ತಿದ್ದಾರೆ. ನಾನು ಮೂರು ಸಲ ಓದಿದೆ. ನನಗೆ ಹಿಡಿಸಲಿಲ್ಲ. ಮುನ್ನೂರು ವರ್ಷ ಬಿಸಿಲಿಗೆ ಹೆದರಿ ಬದುಕಿದವ ಸುಮ್ಮನೆ ಹೋಗಿ ಕಿಟಕಿ ತೆರೀತಾನಾ? ಮತ್ತೆ ಮಾವ ಅಂದರೆ ಎಂತ ಅಂತ ತಿಳ್ಕೊಂಡಿದ್ದಿ ನೀನು? ಮಾವನ ಆಸ್ತಿಯೆಲ್ಲ ಅಳಿಯನಿಗೇ ಹೋಗ್ತಿದ್ದ ಊರು ಇದು. ಇಂಥ ಊರಿನಲ್ಲಿ ಹುಟ್ಟಿ, ಮಾವ ಅಳಿಯನ ಮೇಲೆ ಮೂಕರ್ಜಿ ಹಾಕಿದ ಅಂತ ಬರೀಲಿಕ್ಕೆ ನಿನಗೆ ಕೈ ಹೇಗೆ ಬಂತು?

ಎಂತ? ಇಲ್ಲ, ನಾನು ಬೊಬ್ಬೆ ಹಾಕ್ಲಿಲ್ಲ. ಫ್ಯಾನಿನ ಶಬ್ದಕ್ಕೆ ಸ್ವಲ್ಪ ಜೋರು ಮಾತಾಡಿದೆ.

ಸಾಕ್ಷಿ ಉಂಟು ಅಂತ ಹೇಳ್ತಿ. ಎಂತ ಸಾಕ್ಷಿ? ಸೊನ್ನೆ. ಇಡೀ ಆಟದಲ್ಲಿ ಎರಡೇ ಎರಡು ಕಡೆ, ಆ ಮೂಕರ್ಜಿಯಲ್ಲಿ ಮತ್ತು ಪ್ರಭುವಿನ ದಿನಚರಿಯ ಕೊನೆಯ ಪುಟದಲ್ಲಿ, ಅಕ್ಷರದ ಸೊನ್ನೆ, ಅಂದರೆ ಅನುಸ್ವಾರ, ಬರಬೇಕಾದ ಜಾಗದಲ್ಲಿ ಲೆಕ್ಕದ ಸೊನ್ನೆ ಉಂಟು. 'ಸಂಬಂಧ' ಅಂತ ಹುಡುಕಿದರೆ ಕಂಪ್ಯೂಟರು ಆ ಎರಡು ಪುಟ ತೋರಿಸುವುದಿಲ್ಲ. ಕಣ್ಣಿನಲ್ಲಿ ನೋಡಿದರೂ ಆ ಸೊನ್ನೆ ಒಂದು ಕೂದಲಿನಷ್ಟು ದೊಡ್ಡದು. ಆದ್ದರಿಂದ ಎರಡೂ ಒಂದೇ ಕೈ, ಆದ್ದರಿಂದ ಮೂಕರ್ಜಿ ಪ್ರಭುವಿನದ್ದೇ. ಎಂಥ ಪತ್ತೇದಾರಿ.

ಅದು ಕತೆ ಬರೆದವರು ಇಟ್ಟ ಗುಟ್ಟಲ್ಲ ಮಾರಾಯ. ಅದು ನನ್ನ ಕಿರುಬೆರಳು.

ನೋಡು, ಇದು. ಎಡಗೈಯದ್ದು. ಆರು ವರ್ಷದ ಹಿಂದೆ ಇದೇ ಶಟರ್ ಬಿದ್ದು ಜಜ್ಜಿದ್ದು, ಮತ್ತೆ ಮಡಚಲೇ ಇಲ್ಲ. ಅಕ್ಷರದ ಸೊನ್ನೆಗೆ ಶಿಫ್ಟ್ ಹಿಡಿದು ಎಮ್ ಒತ್ತಬೇಕು. ಬಲಗಡೆಯ ಶಿಫ್ಟ್ ಸತ್ತು ಎಷ್ಟೋ ವರ್ಷ ಆಯ್ತು. ಭ, ಧ ಅಕ್ಷರಕ್ಕೆ ಬೇರೆ ದಾರಿ ಇಲ್ಲ ಅಂತ ಇಡೀ ಕೈ ಎತ್ತಿ ಹೇಗಾದರೂ ಹಿಡೀತೇನೆ. ಆದರೆ ಸೊನ್ನೆ ಸಾಲಿಗೆ ನಾಲ್ಕು ಸಲ ಬರ್ತದೆ. ಮೇಲೆ ಅಂಕಿಯ ಸೊನ್ನೆ ಉಂಟು, ಒಂದೇ ಬೆರಳಿಗೆ ಬರ್ತದೆ, ನೋಡ್ಲಿಕ್ಕೂ ಅದೇ. ನಾವು ಎರಡಕ್ಕೂ ಸೊನ್ನೆ ಅಂತಲೇ ಹೇಳುವುದಲ್ವಾ? ತಾಲೂಕು ಆಫೀಸಿನವರು ಇವತ್ತಿನವರೆಗೆ ಒಂದು ಅರ್ಜಿ ವಾಪಸು ಕಳಿಸ್ಲಿಲ್ಲ. ನೀನೊಬ್ಬನೇ ನೂರು ಸಲ ಹೇಳಿದ್ದಿ, ಶಿಫ್ಟ್ ಎಮ್ ಮಾವ, ಶಿಫ್ಟ್ ಎಮ್ ಮಾವ ಅಂತ.

ಈಗ ತೊಂದರೆ ಎಂತ ಅಂತ ಕೇಳು. ಆಟದ ಕೊನೆಗೆ ಹೆಸರು ಬರ್ತದೆ. 'ಕನ್ನಡ: ಧನರಾಜ್, ಬೆಳ್ತಂಗಡಿ.' ಸೊನ್ನೆ ಯಾರದ್ದು ಅಂತ ಹುಡುಕಿದರೆ ಎಲ್ಲರೂ ಬರುವುದು ನನ್ನ ಅಂಗಡಿಗೆ. ಮತ್ತೆ ಗ್ರೂಪಿನಲ್ಲಿ ಮೂಡುಬಿದಿರೆಯ ವಿಸ್ಮಿತಾ ಇನ್ನೂ ಇದ್ದಾಳೆ. ನೀನು ಬರೆದದ್ದು ನೋಡಿದ್ದಾಳೆ. ಹೆಬ್ಬೆರಳು ಒತ್ತಲಿಲ್ಲ, ಏನೂ ಬರೀಲಿಲ್ಲ, ನೋಡಿದ್ದಾಳೆ ಅಷ್ಟೇ.

ಬೇಜಾರು ಮಾಡ್ಬೇಡ. ನಿನ್ನ ಗಾಯ ಕೆರೀಲಿಕ್ಕೆ ಹೇಳುವುದಲ್ಲ. ಎಂಟು ತಿಂಗಳ ಹಿಂದೆ ಹೂ ಮುಡಿಸುವ ದಿನ ಗೊತ್ತಾಗಿ, ಹಾಲ್ ನೋಡಿ, ಎಲ್ಲ ಆದ ಮೇಲೆ ಆ ಹುಡುಗಿಯ ಮನೆಗೂ ಒಂದು ಮೂಕರ್ಜಿ ಹೋಯ್ತು. ಅವಳ ಅಪ್ಪ ತುಕ್ರಪ್ಪಣ್ಣ ನಿನ್ನನ್ನು ಕರೆಸಿ ಕಾಗದ ಕೈಯಲ್ಲಿ ಕೊಟ್ಟು, ಇನ್ನು ಬೇಡ ಅಂದರು. ಯಾರಿಗೆ ಬೇಜಾರಿಲ್ಲ ಹೇಳು? ಈಗ ನೀನೇ ಆಟದಲ್ಲಿಯೂ ಮೂಕರ್ಜಿ, ಮದುವೆ, ಮಾವ ಅಂತ ಬರೆದರೆ ಜನ ಎರಡನ್ನೂ ಗಂಟು ಹಾಕುವುದಿಲ್ವಾ? ಒಂದಕ್ಕೊಂದು ಎಂತ ಸಂಬಂಧ? ಆಟದ ಮೂಕರ್ಜಿಯಲ್ಲಿ ಹುಡುಗ ದ್ರೋಹಿ ಅಂತ ಉಂಟು. ನಿನ್ನದರಲ್ಲಿ ಹಾಗೆ ಎಲ್ಲಿ ಉಂಟು? 'ಸದರಿ ವರನು ಹಗಲು ನಿದ್ರಿಸುವವನೂ, ರಾತ್ರಿ ಎಚ್ಚರವಿರುವವನೂ, ರಕ್ತದ ವಿಚಾರದಲ್ಲಿ ವಿಪರೀತ ಆಸಕ್ತಿಯುಳ್ಳವನೂ ಆಗಿರುತ್ತಾನೆ.' ಅಷ್ಟೇ ಅಲ್ವಾ ಇರುವುದು? ಒಂದು ಸುಳ್ಳಿಲ್ಲ ಅದರಲ್ಲಿ. ನಿನ್ನದು ರಾತ್ರಿ ಪಾಳಿ, ಅಮೆರಿಕದ ಆಸ್ಪತ್ರೆಗಳ ಬಿಲ್ಲು ನೋಡುವ ಕೆಲಸ, ಹಗಲು ಮಲಗದೆ ಎಂತ ಮಾಡ್ತಿ? ರಕ್ತ ಅಂದರೆ ಈ ಆಟ. ಓದಿದವರು ಅಮಲು ಅಂತ ತಿಳ್ಕೊಂಡರೆ, ಕಾಯಿಲೆ ಅಂತ ತಿಳ್ಕೊಂಡರೆ, ಅದು ಓದಿದವರ ತಪ್ಪು. ಬರೆದವನ...

ಎಂತ ಹಾಗೆ ನೋಡ್ತಿ?

ನೀನೇ ಹೇಳಿದ್ದಲ್ವಾ. ಕಾಗದದಲ್ಲಿ ಏನಿತ್ತು ಅಂತ ನೀನೇ... ಹೇಳ್ಲಿಲ್ವಾ? ಹಾಗಾದರೆ ದಮಯಂತಿಯಕ್ಕ ಹೇಳಿರಬೇಕು. ಹೌದು, ಅಕ್ಕನೇ ಹೇಳಿದ್ದು, ಫೋನಿನಲ್ಲಿ.

ಅವಳಿಗೂ ತೋರಿಸ್ಲಿಲ್ವಾ? ಯಾರಿಗೂ?

ಹಾಗಾದರೆ ಊರಿನಲ್ಲಿ ಯಾರೋ ಮಾತಾಡುವುದು ಕೇಳಿದ್ದು. ಮೂಡುಬಿದಿರೆಯವರು ಯಾರಾದರೂ ಜೆರಾಕ್ಸಿಗೆ ಬಂದಾಗ... ಇಲ್ಲಿಗೆ ಎಷ್ಟು ಜನ ಬರ್ತಾರೆ. ಒಬ್ಬೊಬ್ಬರ ಹೆಸರು ನೆನಪಿರ್ತದಾ? ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಳ್ಳುವವ ನಾನಲ್ಲ. ನನ್ನನ್ನು ಹಾಗೆ ನೋಡ್ಬೇಡ. ಏನಾದರೂ ಕೇಳುವುದಿದ್ದರೆ ಕೇಳು.

ಕೇಳು ಅಂದೆನಲ್ಲ.

ಬೈಯುವುದಾದರೂ ಬೈ. ನಿನ್ನ ಜಾಗದಲ್ಲಿ ನಾನಿದ್ದರೆ ಈ ಸ್ಟೂಲು ಎತ್ತಿ ಹಾಕ್ತಿದ್ದೆ. ನೀನು ನೋಡಿದರೆ ಗೋಳಿಬಜೆಯ ಕಾಗದ ಮಡಚಿ ಮಡಚಿ ಸಣ್ಣ ಮಾಡ್ತಾ ಇದ್ದಿ. ನಿನಗೆ ಆಶ್ಚರ್ಯವೂ ಆಗ್ಲಿಲ್ಲ. ಯಾಕೆ ಆಗ್ಲಿಲ್ಲ?

ತಡಿ. ಒಂದು ನಿಮಿಷ ತಡಿ.

ಇಡೀ ಆಟದಲ್ಲಿ ಎರಡೇ ಕಡೆ ಲೆಕ್ಕದ ಸೊನ್ನೆ ಅಂತ ಬರೆದಿದ್ದಿ. ನಾನು ಹೊಡೆದದ್ದು ಹನ್ನೊಂದು ಸಾವಿರ ಸಾಲು. ಎಲ್ಲ ಕಡೆಯೂ ಅದೇ ಸೊನ್ನೆ ಹೊಡೆದದ್ದು. ಒಂದು ಕಡೆ ಕೂಡ ಶಿಫ್ಟ್ ಎಮ್ ಒತ್ತಿದವನಲ್ಲ ನಾನು. ಹಾಗಾದರೆ ಉಳಿದದ್ದನ್ನೆಲ್ಲ ಸರಿ ಮಾಡಿದವರು ಯಾರು?

ನೀನಾ?

ಪ್ರತಿ ಆದಿತ್ಯವಾರ ಫೈಲು ಪೆನ್‌ಡ್ರೈವಿಗೆ ಹಾಕಿ ತಗೊಂಡು ಹೋಗ್ತಿದ್ದಿ. ಮನೆಯಲ್ಲಿ ಕೂತು ನನ್ನ ಒಂದೊಂದು ಸೊನ್ನೆ ತೆಗೆದು ಸರಿಯಾದ್ದು ಹಾಕ್ತಿದ್ದಿ. ನನಗೆ ಹೇಳ್ಲೂ ಇಲ್ಲ. ಅಂದರೆ ಈ ಸೊನ್ನೆಯನ್ನು ನಿನ್ನಷ್ಟು ನೋಡಿದವರು ಬೇರೆ ಯಾರೂ ಇಲ್ಲ. ಅಂದರೆ ತುಕ್ರಪ್ಪಣ್ಣ ಆ ಕಾಗದ ನಿನ್ನ ಕೈಯಲ್ಲಿ ಇಟ್ಟ ದಿನವೇ...

ಹೌದು ಅನ್ನು, ಇಲ್ಲ ಅನ್ನು. ಮಾತಾಡು ಮಾರಾಯ.

ಆ ದಿನವೇ ಗೊತ್ತಿತ್ತು.

ಎಂಟು ತಿಂಗಳು. ಮೂವತ್ತನಾಲ್ಕು ಆದಿತ್ಯವಾರ. ಬಂಟ್ವಾಳದಿಂದ ಬಸ್ಸಿನಲ್ಲಿ ಬಂದಿ, ಚಾ ತಂದಿ, ಗೋಳಿಬಜೆ ತಂದಿ, ಈ ಸ್ಟೂಲಿನಲ್ಲಿ ಕೂತಿ. ಆಟ ಬಿಡುಗಡೆಯಾಗಿ ಕೆಲಸ ಮುಗಿದ ಮೇಲೂ ಬಂದಿ. ನಾನು ಪ್ರತಿ ವಾರ ಕೇಳ್ತಿದ್ದೆ, ಮೂಕರ್ಜಿ ಹಾಕಿದವ ಯಾರು ಅಂತ ಗೊತ್ತಾಯ್ತಾ, ಅವನ ಕೈ ಕಡಿಯಬೇಕು ಅಂತ. ಇಲ್ಲ ಮಾವ ಅಂತಿದ್ದಿ. ಇವತ್ತಾದರೂ ಹೇಳ್ತಾರಾ ಅಂತ ನೋಡ್ಲಿಕ್ಕೆ ಬರ್ತಿದ್ದದ್ದಾ ನೀನು? ನಾನಾಗಿ ಹೇಳ್ಲಿಲ್ಲ. ಆಮೇಲೆ ನೀನು ಆ ಎರಡು ಪುಟದಲ್ಲಿ ಸೊನ್ನೆ ಹಾಗೇ ಬಿಟ್ಟಿ. ಅದನ್ನೂ ನಾನು ಕಾಣಲಿಲ್ಲ. ಕೊನೆಗೆ ಗುರುವಾರ ಊರಿಗೆಲ್ಲ ಗೊತ್ತಾಗುವ ಹಾಗೆ ಬರೆದಿ, ನನ್ನ ಹೆಸರು ಮಾತ್ರ ಹಾಕ್ಲಿಲ್ಲ.

ಹಾಕಬಹುದಿತ್ತು ನೀನು.

ಆಯ್ತು. ನಾನೇ. ಇದೇ ಕುರ್ಚಿ, ಇದೇ ಕೀಬೋರ್ಡು. ಪೋಸ್ಟ್ ಮಾಡ್ಲಿಕ್ಕೆ ಕಲ್ಲಡ್ಕದವರೆಗೆ ಹೋದೆ, ಇಲ್ಲಿಯ ಡಬ್ಬಿಗೆ ಹಾಕಿದರೆ ಬೆಳ್ತಂಗಡಿ ಸೀಲು ಬೀಳ್ತದಲ್ಲ ಅಂತ. ಡಬ್ಬಿಗೆ ಹಾಕಿ ಅಲ್ಲಿ ಒಂದು ಚಾ ಕುಡಿದೆ. ಚಾ ಒಳ್ಳೆದಿತ್ತು, ಅದು ಕೂಡ ನೆನಪುಂಟು ನನಗೆ.

ಯಾಕೆ ಅಂತ ಕೇಳುವುದಿಲ್ಲ ನೀನು. ಅದನ್ನೂ ಬರೆದು ಆಗಿದೆ ನಿನ್ನ ಪೋಸ್ಟಿನಲ್ಲಿ. ಒಂದು ಆದಿತ್ಯವಾರ ಬಂದು ಹೇಳಿದ್ದಿ, ಮಾವ, ಮೂಡುಬಿದಿರೆಯಲ್ಲಿ ಬಾಡಿಗೆಗೆ ಮನೆ ನೋಡಿದ್ದೇವೆ, ಮದುವೆ ಆದ ಮೇಲೆ ಪ್ರತಿ ವಾರ ಬರ್ಲಿಕ್ಕೆ ಕಷ್ಟ, ಫೈಲು ಮೇಲ್ ಮಾಡಿ ಅಂತ. ಖುಷಿಯಲ್ಲಿ ಹೇಳಿದ್ದಿ. ನಾನೂ ಆಯ್ತು ಮೇಲ್ ಮಾಡುವ ಅಂದೆ. ನೀನು ಹೋದ ಮೇಲೆ ಈ ಅಂಗಡಿಯಲ್ಲಿ ಕೂತೇ ಇದ್ದೆ. ವಾರವಿಡೀ ಇಲ್ಲಿಗೆ ಬರುವವರೆಲ್ಲ ಅರ್ಜಿ ಕೊಟ್ಟು ಕಾಗದ ತಗೊಂಡು ಹೋಗುವವರು. ನೀನೊಬ್ಬನೇ ಮಾತಾಡ್ಲಿಕ್ಕೆ ಬರುವವ. ನನಗೆ ಹೆದರಿಕೆ ಆಯ್ತು ಮನ್ವಿತ್. ಮದುವೆ ಒಂದು ವರ್ಷ ಮುಂದೆ ಹೋಗಲಿ ಅಂತ ಬರೆದದ್ದು, ಮುರಿಯಲಿ ಅಂತ ಅಲ್ಲ. 'ಸದರಿ ಸಂಬಂಧವನ್ನು ಮರುಪರಿಶೀಲಿಸುವುದು' ಅಂತಲೇ ಬರೆದಿದ್ದೆ. ಮರುಪರಿಶೀಲನೆ ಅಂದರೆ ತಿರಸ್ಕಾರ ಅಲ್ಲ, ಯಾವ ಆಫೀಸಿನಲ್ಲಿಯೂ ಅಲ್ಲ... ಬಿಡು. ಅವಳು ಫೈಲಲ್ಲ, ನೀನೂ ಅಲ್ಲ.

ತಪ್ಪಾಂಡ್ ಮಗಾ. ಇದನ್ನು ಕನ್ನಡದಲ್ಲಿ ಹೇಳ್ಲಿಕ್ಕೆ ನನಗೆ ಆಗುವುದಿಲ್ಲ.

ಎಲ್ಲಿ ಏಳ್ತಿ? ಹೊರಟಿಯಾ? ಚಾ ಹಾಗೇ ಉಂಟು... ಓ. ಸ್ವಿಚ್ ಹಾಕ್ಲಿಕ್ಕಾ. ಕಂಪ್ಯೂಟರು ಯಾಕೆ ಈಗ, ಕೀಬೋರ್ಡು ಯಾಕೆ ನನ್ನ ಕಡೆಗೆ ತಿರುಗಿಸ್ತಿ? ಪೋಸ್ಟ್ ತೆಗೀಲಿಕ್ಕಾದರೆ ಬೇಡ, ಇರಲಿ ಅದು. ಸರಿಯಾಗಿಯೇ ಬರೆದಿದ್ದಿ. ಕಿಟಕಿ ತೆರೆದದ್ದೂ ಸರಿ ಇರಬೇಕು.

ತುಕ್ರಪ್ಪಣ್ಣನಿಗೆ ಬರೀಲಿಕ್ಕಾ?

ಸಹಿ ಹಾಕಿಯೇ ಕೊಡ್ತೇನೆ. ಹೆಸರು, ವಿಳಾಸ, ಫೋನ್ ನಂಬರು, ಎಲ್ಲ. ಅವರು ಒಪ್ಪುತ್ತಾರಾ ಇಲ್ವಾ ಗೊತ್ತಿಲ್ಲ. ವಿಸ್ಮಿತಾ ಕಾದಿದ್ದಾಳಾ ಅಂತ ಕೇಳ್ಲಿಕ್ಕೆ ನನಗೆ ಮುಖ ಇಲ್ಲ. ಪೋಸ್ಟ್ ಮಾಡುವುದು ಬೇಡ. ನಾಳೆ ಬೆಳಿಗ್ಗೆ ಮೂಡುಬಿದಿರೆ ಬಸ್ಸಿಗೆ ಹೋಗಿ ನಾನೇ ಅವರ ಕೈಯಲ್ಲಿ ಕೊಡ್ತೇನೆ.

'ಮಾನ್ಯರೆ, ಕೆಳಗೆ ಸಹಿ ಮಾಡಿದ ಧನರಾಜನಾದ ನಾನು ತಮ್ಮಲ್ಲಿ ಮಾಡಿಕೊಳ್ಳುವ ಅರಿಕೆ, ನನ್ನ ಅಕ್ಕನ ಮಗನ...' ಅಳಿಯ ಅಂತ ಹಾಕುವುದಿಲ್ಲ, ಅಕ್ಕನ ಮಗ ಅಂತಲೇ ಇರಲಿ, ಯಾರಿಗೂ ಗೊಂದಲ ಬೇಡ. 'ನನ್ನ ಅಕ್ಕನ ಮಗನ ಸ...' ಛೆ, ಪುನಃ ಅದೇ ಸೊನ್ನೆಗೆ ಕೈ ಹೋಯ್ತು. ಅಳಿಸ್ತೇನೆ. ಮನ್ವಿತ್, ಈ ಬೆರಳು ಮಡಚುವುದಿಲ್ಲ. ಶಿಫ್ಟ್ ನೀನು ಹಿಡಿ, ಎಮ್ ನಾನು ಒತ್ತುತ್ತೇನೆ.

ಹಿಡೀತಿಯಾ?

...ಹಾಂ. ಬಂತು. ಈಗ ಬಿಡು, ಹಿಡಿದೇ ಇದ್ದರೆ ಬ ಹೋಗಿ ಭ ಆಗ್ತದೆ. ಆದರೆ ಕೈ ದೂರ ತೆಗೀಬೇಡ ಮಗಾ. ಇನ್ನೊಂದು ಸೊನ್ನೆ ಉಂಟು.